ಎಂಎಲ್‌ಸಿ ಹೆಸರಿನಲ್ಲಿ ಬಂದ ಫೋನು

ಲೋಹಿತಾ ಪೊಲೀಸ್ ಕೆಲಸಕ್ಕೆ ಸೇರಿ ಹನ್ನೊಂದು ವರ್ಷ. ತವರು ಶಿರಾ ತಾಲ್ಲೂಕಿನ ಪಟ್ಟನಾಯಕನಹಳ್ಳಿ. ಗಂಡ ಪ್ರಭುದೇವ್ ಮಧುಗಿರಿಯ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರು. ಮಗಳು ನಾಲ್ಕನೇ ಕ್ಲಾಸು. ಐ.ಡಿ.ಹಳ್ಳಿ ಕಡೆಯ ಒಂದು ಉಪಠಾಣೆಯಲ್ಲಿ ಲೋಹಿತಾ ಕಾನ್‌ಸ್ಟೇಬಲ್. ಬೆಳಿಗ್ಗೆ ಸ್ಕೂಟರಿನಲ್ಲಿ ಹೊರಟರೆ ಹತ್ತು ಹನ್ನೆರಡು ಹಳ್ಳಿ ಸುತ್ತಿ, ಬದುವಿನ ಜಗಳ, ಕುಡಿದವರ ಗಲಾಟೆ, ಕಳೆದುಹೋದ ಮೇಕೆ ಎಲ್ಲ ಕೇಳಿಸಿಕೊಂಡು ಸಂಜೆ ಮನೆಗೆ ಬರುತ್ತಿದ್ದಳು. ಮಾತು ಕಡಿಮೆ. ಯಾರಾದರೂ ಏನಾದರೂ ಹೇಳಿದರೆ ಅದನ್ನು ಹೇಳಿದ ಹಾಗೇ ನಂಬುವುದು ಅವಳ ಸ್ವಭಾವ. ಇದಕ್ಕೆ ಮನೆಯಲ್ಲಿ ತಮಾಷೆ ಮಾಡುತ್ತಿದ್ದರು.

ಹೋದ ವರ್ಷ ಜೂನ್‌ನಲ್ಲಿ ಕೊರಟಗೆರೆಯಲ್ಲಿ ಪೊಲೀಸರು ಮತ್ತು ಸಾರ್ವಜನಿಕರದ್ದೊಂದು ಸಭೆ ನಡೆಯಿತು. ಲೋಹಿತಾಗೆ ಅಲ್ಲಿ ಬಂದೋಬಸ್ತ್, ವೇದಿಕೆಯ ಪಕ್ಕದ ಬಾಗಿಲಲ್ಲಿ. ಮುಖ್ಯ ಅತಿಥಿ ವಿಧಾನ ಪರಿಷತ್ ಸದಸ್ಯ ಮಹಾಲಿಂಗಯ್ಯ. ಸದನದ ಒಂದು ಸಮಿತಿಯ ಜೊತೆ ಐರ್ಲೆಂಡಿಗೆ ಹೋಗಿ ಬಂದು ಆಗ ತಿಂಗಳೂ ಆಗಿರಲಿಲ್ಲ. ಅಲ್ಲಿನ ಸಾಮಾನ್ಯ ಪೊಲೀಸರ ಸೊಂಟದಲ್ಲಿ ಪಿಸ್ತೂಲೇ ಇರುವುದಿಲ್ಲ, ಅವರನ್ನು ಕರೆಯುವ ಹೆಸರಿನ ಅರ್ಥವೇ ಶಾಂತಿಯ ಕಾವಲುಗಾರರು ಎಂದು ಅವರು ಹೇಳಿದರು. ಪಿಸ್ತೂಲಿಲ್ಲದ ಪೊಲೀಸಿಗೆ ಜನರ ನಂಬಿಕೆಯೇ ಬಲ. ನಮ್ಮಲ್ಲಿ ಆ ನಂಬಿಕೆ ಹಾಳಾಗಿರುವುದು ಪೊಲೀಸರಿಂದ ಮಾತ್ರ ಅಲ್ಲ, ಕೇಸು ತಿರುಗಿಸಲು ಠಾಣೆಗೆ ಫೋನ್ ಮಾಡುವ ನಮ್ಮಂಥವರಿಂದಲೂ ಎಂದರು. ಆಮೇಲೆ ಮೇಜು ಕುಟ್ಟಿ, ನನ್ನ ಹೆಸರು ಹೇಳಿ ಯಾರಾದರೂ ಠಾಣೆಗೆ ಫೋನ್ ಮಾಡಿದರೆ ಅಲ್ಲಿನ ದಿನಚರಿ ಪುಸ್ತಕದಲ್ಲಿ ಬರೆದುಬಿಡಿ, ಉತ್ತರ ಕೊಡುವುದು ನನ್ನ ಕೆಲಸ ಎಂದರು. ಜನ ಚಪ್ಪಾಳೆ ತಟ್ಟಿ ಊಟಕ್ಕೆ ಎದ್ದರು. ಲೋಹಿತಾ ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡಳು.

ಆಗಸ್ಟ್‌ನಲ್ಲಿ ಒಂದು ಬೆಳಿಗ್ಗೆ ಅವಳ ಬೀಟಿನ ಕ್ರಾಸಿನಲ್ಲಿ ಅಪಘಾತವಾಯಿತು. ಕನಕಾಂಬರ ಮಾರುವ ಮುದುಕಿ ಚಿಕ್ಕಹನುಮಕ್ಕನಿಗೆ ಒಂದು ಖಾಸಗಿ ಬಸ್ಸು ಮುಂದಿನ ಬಲಮೂಲೆಯಿಂದ ತಗುಲಿ, ನಿಲ್ಲಿಸದೆ ಪಾವಗಡದ ಕಡೆ ಹೊರಟುಹೋಗಿತ್ತು. ಲೋಹಿತಾ ಹೋಗುವಷ್ಟರಲ್ಲಿ ಆಂಬುಲೆನ್ಸ್ ಬಂದಿತ್ತು. ಹೂವಿನ ಬುಟ್ಟಿ ರಸ್ತೆ ಪಕ್ಕ ಬೋರಲು ಬಿದ್ದಿತ್ತು. ಅದರ ಹತ್ತಿರವೇ ಇಂಡಿಕೇಟರಿನ ಹಳದಿ ಚೂರೊಂದು ಸಿಕ್ಕಿತು. ಕರವಸ್ತ್ರದಲ್ಲಿ ಸುತ್ತಿಟ್ಟುಕೊಂಡಳು.

ಮಾರನೆಯ ದಿನ ತುಮಕೂರಿನ ಆಸ್ಪತ್ರೆಗೆ ಹೋಗಿ ಹೇಳಿಕೆ ಬರೆದುಕೊಂಡಳು. ತೊಡೆಯ ಮೂಳೆ ಮುರಿದಿತ್ತು. ಚಿಕ್ಕಹನುಮಕ್ಕ ನೋವಿಗಿಂತ ಬೇರೊಂದನ್ನೇ ಹೇಳುತ್ತಿದ್ದಳು.

"ಬಸ್ ಓಡಿಸ್ತಿದ್ದೋನು ಎಳೇ ವಯಸ್ಸಿನೋನು ಕಣವ್ವ. ಕಿಟಕಿಯಿಂದ ತಲೆ ಆಚೆ ಹಾಕಿ ನನ್ನ ನೋಡ್ದ. ನೋಡ್ಬುಟ್ಟೇ ಹೊಂಟೋದ."

ಆ ರಸ್ತೆಯಲ್ಲಿ ಆ ಹೊತ್ತಿಗೆ ಓಡಾಡುವ ಬಸ್ಸುಗಳು ನಾಲ್ಕೇ. ಲೋಹಿತಾ ಎರಡು ದಿನ ಮಧುಗಿರಿಯ ಬಸ್ ಸ್ಟ್ಯಾಂಡಿನಲ್ಲಿ ನಿಂತು ನಾಲ್ಕನ್ನೂ ನೋಡಿದಳು. ಒಂದರ ಬಲ ಇಂಡಿಕೇಟರ್ ಇನ್ನೂ ಒಡೆದೇ ಇತ್ತು. ಕಿಸೆಯಿಂದ ಚೂರು ತೆಗೆದು ಒಡೆದ ಜಾಗಕ್ಕೆ ಇಟ್ಟಳು. ಕೂದಲೆಳೆಯಷ್ಟೂ ಸಂದಿಲ್ಲದೆ ಕೂತಿತು. ಕೂಡಲೇ ಸಬ್ ಇನ್‌ಸ್ಪೆಕ್ಟರಿಗೆ ತಿಳಿಸಿದಳು. ಅವರು ಬಂದು ಬಸ್ಸನ್ನು ಠಾಣೆಗೆ ತಂದು ನಿಲ್ಲಿಸಿದರು. ಆ ದಿನ ಸ್ಟೇರಿಂಗ್ ಹಿಡಿದಿದ್ದವನು ಬಸ್ಸಿನ ಮಾಲೀಕರ ಅಣ್ಣನ ಮಗ, ಲೈಸೆನ್ಸ್ ಇಲ್ಲದವನು ಎಂದು ಕಂಡಕ್ಟರ್ ಬಾಯಿಬಿಟ್ಟ.

ಫೋನು ಬಂದದ್ದು ಅದರ ಮಾರನೆಯ ಮಧ್ಯಾಹ್ನ. ಉಪಠಾಣೆಯಲ್ಲಿ ಲೋಹಿತಾ ಒಬ್ಬಳೇ ಇದ್ದಳು. ಮಾತಾಡಿದವನು ಮಹಾಲಿಂಗಯ್ಯನವರ ಆಪ್ತ ಸಹಾಯಕ ಗೌರೀಶ್. ತುಂಬ ಮರ್ಯಾದೆಯಿಂದಲೇ ಮಾತಾಡಿದ. ಮುದುಕಿಯ ಹೇಳಿಕೆ ನೀವೇ ಬರೆದುಕೊಂಡದ್ದಲ್ಲವೇ, ಗಾಡಿ ಓಡಿಸುತ್ತಿದ್ದವನು ವಯಸ್ಸಾದವನು ಎಂದು ಒಂದು ಮಾತು ಬದಲಾಯಿಸಿದರೆ ಸಾಕು, ಲೈಸೆನ್ಸ್ ಇರುವ ಡ್ರೈವರ್ ಒಪ್ಪಿಕೊಳ್ಳಲು ತಯಾರಿದ್ದಾನೆ, ಸಾಹೇಬರು ಹೇಳಿದ್ದಾರೆ ಎಂದ. ಸಾಹೇಬರೇ ಹೇಳಿದರೇ ಎಂದು ಲೋಹಿತಾ ಕೇಳಿದ್ದಕ್ಕೆ, ಹಾಗೇ ಅಂದುಕೊಳ್ಳಿ ಎಂದು ನಕ್ಕ.

ಅವಳು ಫೋನಿಟ್ಟು ದಿನಚರಿ ತೆಗೆದಳು. ಹೊತ್ತು, ಮಾತಾಡಿದವನ ಹೆಸರು, ಯಾರ ಹೆಸರು ಹೇಳಿದ, ಏನು ಬದಲಾಯಿಸಲು ಕೇಳಿದ, ಎಲ್ಲ ಬರೆದಳು. ಬರೆಯುವಾಗ ಭಯವಾಗಲಿಲ್ಲ. ಕೆಳಗೆ ರುಜು ಹಾಕಿದ ಮೇಲೆ ಮೊದಲಿಂದ ಇನ್ನೊಮ್ಮೆ ಓದಿದಳು.

ಸಂಜೆ ಸಬ್ ಇನ್‌ಸ್ಪೆಕ್ಟರ್ ಅದನ್ನು ಓದಿದರು. ನಿವೃತ್ತಿಗೆ ದೂರವಿದ್ದ, ಮಕ್ಕಳ ಓದು ಇನ್ನೂ ಬಾಕಿಯಿದ್ದ ಮನುಷ್ಯ. ಬರೆದಾಗಿದೆ, ಇನ್ನು ಹೊಡೆದುಹಾಕುವ ಹಾಗಿಲ್ಲ ಎಂದು ತಾವೂ ಪಕ್ಕದಲ್ಲಿ ರುಜು ಹಾಕಿದರು. ನಕಲು ಮೇಲಿನ ಕಚೇರಿಗೆ ಹೋಯಿತು. ಅಲ್ಲಿಂದ ಮಹಾಲಿಂಗಯ್ಯನವರ ಕೈಗೂ ಮುಟ್ಟಿತೆಂದು ವಾರದೊಳಗೆ ಗೊತ್ತಾಯಿತು.

ಆಮೇಲಿನ ದಿನಗಳು ಕೆಟ್ಟವಾಗಿದ್ದವು. ಎದುರಿಗೆ ಸಿಕ್ಕ ಸಹೋದ್ಯೋಗಿಗಳು ಎಲ್ಲಿಗೆ ವರ್ಗ ಎಂದು ಕೇಳುತ್ತಿದ್ದರು. ಪ್ರಭುದೇವ್ ಬೈಯಲಿಲ್ಲ. ಆದರೆ ಮಗಳ ಶಾಲೆ ಬದಲಾಯಿಸಬೇಕಾದರೆ ಯಾವ ತಿಂಗಳಲ್ಲಿ ಸುಲಭ ಎಂದು ಒಂದು ದಿನ ಊಟ ಮಾಡುತ್ತ ಲೆಕ್ಕ ಹಾಕಿದ. ಅದನ್ನು ಕೇಳಿ ಲೋಹಿತಾ ತಟ್ಟೆ ಎತ್ತಿಕೊಂಡು ಎದ್ದಳು.

ಹನ್ನೊಂದನೇ ದಿನ ಮಧುಗಿರಿಯ ಪ್ರವಾಸಿ ಮಂದಿರಕ್ಕೆ ಬರಬೇಕೆಂದು ಕರೆ ಬಂತು. ಸಬ್ ಇನ್‌ಸ್ಪೆಕ್ಟರ್ ತಾವೂ ಜೊತೆಗೆ ಬಂದರು. ಒಳಗೆ ಮಹಾಲಿಂಗಯ್ಯ ಕೂತಿದ್ದರು, ಗೌರೀಶ್ ಗೋಡೆಯ ಪಕ್ಕ ನಿಂತಿದ್ದ. ದಿನಚರಿಯ ನಕಲು ಮೇಜಿನ ಮೇಲಿತ್ತು.

"ಇದರಲ್ಲಿ ನನ್ನ ಹೆಸರು ಯಾಕಮ್ಮ ಬಂತು?" ಎಂದರು. ದನಿಯಲ್ಲಿ ಸಿಟ್ಟಿತ್ತು.

"ಕೊರಟಗೆರೆ ಸಭೇಲಿ ತಾವೇ ಬರೀರಿ ಅಂದಿದ್ರಿ ಸಾರ್. ನಾನು ಪಕ್ಕದ ಬಾಗಿಲಲ್ಲಿ ಡ್ಯೂಟೀಲಿದ್ದೆ."

ಮಹಾಲಿಂಗಯ್ಯ ಅವಳನ್ನು ದಿಟ್ಟಿಸಿ ನೋಡಿದರು. ವ್ಯಂಗ್ಯವೇನಾದರೂ ಇದೆಯೇ ಎಂದು ಹುಡುಕಿದರೋ ಏನೋ. ಇರಲಿಲ್ಲ. ಗೌರೀಶನ ಕಡೆ ತಿರುಗಿ, ನಾನು ನಿನಗೆ ಹೇಳಿದ್ದೆನೇ ಎಂದು ಕೇಳಿದರು. ಅವನು ತಲೆ ತಗ್ಗಿಸಿ, ಬಸ್ಸಿನ ಮಾಲೀಕರು ಬಂದಾಗ ಇದನ್ನು ನೋಡು ಅಂದಿದ್ದಿರಿ ಸಾರ್ ಎಂದ.

ಮಹಾಲಿಂಗಯ್ಯ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹೌದು, ನೋಡು ಅಂದಿದ್ದೆ. ಏನು ನೋಡಬೇಕು ಅಂತ ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಇಂಥದ್ದೆಲ್ಲ ಹೀಗೇ ನಡೆಯೋದು." ಆಮೇಲೆ ಲೋಹಿತಾಗೆ ಹೇಳಿದರು: "ಬರೆದದ್ದು ಬರೆದ ಹಾಗೇ ಇರಲಿ. ಇವನು ಬಂದು ಹೇಳಿಕೆ ಕೊಡ್ತಾನೆ. ನನ್ನ ಕೇಳಬೇಕಾದರೂ ಕೇಳಿ. ಭಾಷಣದಲ್ಲಿ ಹೇಳುವಾಗ ಇಷ್ಟು ಕಷ್ಟ ಅನ್ನಿಸಿರಲಿಲ್ಲ."

ಅವರು ಕ್ಷಮೆ ಕೇಳಲಿಲ್ಲ, ಅವಳನ್ನು ಹೊಗಳಲೂ ಇಲ್ಲ. ಹೊರಡಿ ಎಂದು ಕೈಸನ್ನೆ ಮಾಡಿದರು.

ಹೊರಗೆ ಬಂದ ಮೇಲೆ ಲೋಹಿತಾ ಕಾಂಪೌಂಡಿನ ಕಟ್ಟೆಯ ಮೇಲೆ ಕೂತಳು. ಸಬ್ ಇನ್‌ಸ್ಪೆಕ್ಟರ್ ಎದುರಿನ ಅಂಗಡಿಯಿಂದ ಎರಡು ಲೋಟ ಕಬ್ಬಿನ ಹಾಲು ತಂದು, ಒಂದನ್ನು ಅವಳಿಗೆ ಕೊಟ್ಟು ಇನ್ನೊಂದನ್ನು ಒಂದೇ ಗುಟುಕಿಗೆ ಕುಡಿದರು. ಅವರ ಸಮವಸ್ತ್ರದ ಬೆನ್ನು ಬೆವರಿನಿಂದ ಒದ್ದೆಯಾಗಿದ್ದುದನ್ನು ಅವಳು ಆಗ ನೋಡಿದಳು. ಪ್ರಭುದೇವನಿಗೆ ಫೋನ್ ಮಾಡಿದಾಗ ಅವನು ಕ್ಲಾಸಿನಲ್ಲಿದ್ದ, ಆದರೂ ಎತ್ತಿಕೊಂಡ. ಏನಾಯಿತೆಂದು ಕೇಳಿದ. ಏನೂ ಆಗಲಿಲ್ಲ ಎನ್ನುವಷ್ಟರಲ್ಲಿ ಅವಳಿಗೆ ಅಳು ಬಂದುಬಿಟ್ಟಿತು.

ಗೌರೀಶ್ ಎರಡು ದಿನ ಬಿಟ್ಟು ಬಂದು ಹೇಳಿಕೆ ಕೊಟ್ಟ. ಬಸ್ಸು ಓಡಿಸಿದವನ ಹೆಸರಿನಲ್ಲೇ ಆರೋಪಪಟ್ಟಿ ಕೋರ್ಟಿಗೆ ಹೋಗಿದೆ. ಲೋಹಿತಾಗೆ ವರ್ಗವಾಗಲಿಲ್ಲ. ಫೋನುಗಳು ನಿಂತೇ ಹೋದವು ಎಂದೇನೂ ಅಲ್ಲ. ಆದರೆ ಈಗ ಮಾಡುವವರು ಯಾರ ಹೆಸರನ್ನೂ ಹೇಳುವುದಿಲ್ಲ, ಮಾತು ಶುರುಮಾಡುವ ಮೊದಲು ಬರೆದುಕೊಳ್ಳುತ್ತಿದ್ದೀರಾ ಎಂದು ಕೇಳುತ್ತಾರೆ.

ಸಂಕ್ರಾಂತಿ ಕಳೆದ ಮೇಲೆ ಚಿಕ್ಕಹನುಮಕ್ಕ ಕೋಲೂರಿಕೊಂಡು ಉಪಠಾಣೆಗೆ ಬಂದಳು. ಕೋರ್ಟಿನಲ್ಲಿ ಏನು ಹೇಳಬೇಕು ಕಣವ್ವ ಎಂದು ಕೇಳಿದಳು. ನೀನು ಕಂಡದ್ದನ್ನು ಹೇಳು, ಸಾಕು ಎಂದಳು ಲೋಹಿತಾ. ಅಷ್ಟೇನಾ ಎಂದು ಚಿಕ್ಕಹನುಮಕ್ಕ ಹಗುರಾಗಿ ನಕ್ಕು, ಬೆಂಚಿನ ಮೇಲೆ ಕಾಲು ನೀಡಿ ಕೂತು ನೀರು ಕೇಳಿದಳು.