ಸಾಲಿನ ಕೊನೆಯವರು

ಅವರ ಎಡಗಿವಿ ಅರ್ಧವೇ ಇತ್ತು. ಉಳಿದರ್ಧವನ್ನು ಯಾವುದೋ ಮರುಭೂಮಿಯ ಯುದ್ಧದಲ್ಲಿ ಗುಂಡೊಂದು ಹಾರಿಸಿಕೊಂಡು ಹೋಗಿತ್ತು. ಮೊದಲ ಭೇಟಿಯಲ್ಲೇ ನನ್ನ ಮಗಳು ಅದನ್ನು ಮುಟ್ಟಿ ನೋಡಿದಳು. "ಯುದ್ಧಕ್ಕೆ ಯಾರೂ ಕರೆದಿರಲಿಲ್ಲ, ನಾನೇ ಹೋಗಿದ್ದೆ. ಹಾಗಾಗಿ ಬೈಯೋಕೂ ಯಾರೂ ಸಿಗಲಿಲ್ಲ," ಎಂದು ಇಂಗ್ಲಿಷಿನಲ್ಲಿ ಹೇಳಿ ನಕ್ಕರು.

ಸ್ಕಾಟ್ಲೆಂಡಿನವರು. ವಾರವೆಲ್ಲ ಅಂಗಡಿ, ರಜೆಯಲ್ಲಿ ಕವಾಯತು ಎಂದು ಸ್ವಂತ ಇಚ್ಛೆಯಿಂದ ಸೈನ್ಯ ಸೇರಿದ್ದವರು. ಆಮೇಲೆ ಜಪಾನಿನವರೊಬ್ಬರನ್ನು ಮದುವೆಯಾಗಿ ಅದೇ ದೇಶದ ತ್ಸುಕುಬಾ ಊರಿನಲ್ಲಿ ಸೈಕಲ್ ಅಂಗಡಿ ಇಟ್ಟರು. ನಾವು ನಮ್ಮೂರು ಬಿಟ್ಟು ಇಲ್ಲಿಗೆ ಬರುವ ಹೊತ್ತಿಗೆ ಬೀದಿಯ ಸಂಘಕ್ಕೂ ಅವರೇ ಅಧ್ಯಕ್ಷರು; ಎಲ್ಲರ ಬಾಯಲ್ಲೂ ಕೈಚೋ-ಸಾನ್, ಅಂದರೆ ಅಧ್ಯಕ್ಷರು. ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ. ಪ್ಲಾಸ್ಟಿಕ್ ಕಸದ ದಿನ ನಾನು ತೆಂಗಿನ ಚಿಪ್ಪು ಹಾಕಿದ್ದಕ್ಕೆ ಇಡೀ ಚೀಲವನ್ನು ಮನೆ ಬಾಗಿಲಿಗೆ ವಾಪಸ್ ತಂದಿಟ್ಟ ಪುಣ್ಯಾತ್ಮರು.

ಒಂದು ಸಂಜೆ ಅವರ ಅಂಗಡಿಯೆದುರು ಕುಡುಕನೊಬ್ಬ ನನ್ನ ಸೈಕಲ್ಲಿಗೆ ಒದ್ದ. ಹಿಂದಿನ ಸೀಟಿನಲ್ಲಿ ಮಗಳಿದ್ದಳು. ಸೈಕಲ್ ಸಮೇತ ರಸ್ತೆಗೆ ಬಿದ್ದು ಅವಳ ತುಟಿ ಸೀಳಿತು. ಕೈಚೋ-ಸಾನ್ ಹೊರಬಂದವರೇ ಅವನ ಕುತ್ತಿಗೆ ಹಿಡಿದು, ಪಂಕ್ಚರ್ ನೋಡುವ ನೀರಿನ ಟಬ್ಬಿನಲ್ಲಿ ಮುಖ ಅದ್ದಿದರು. ಎತ್ತಿದರು. ಅವನು ಉಸಿರೆಳೆದುಕೊಂಡ ಮೇಲೆ ಮತ್ತೆ ಅದ್ದಿದರು, ಈ ಸಲ ಹೆಚ್ಚು ಹೊತ್ತು. "ಬಿಡಿ ಸಾರ್, ಸತ್ತೋಗ್ತಾನೆ," ಎಂದು ನನ್ನ ಗಂಡ ಗಾಬರಿಯಲ್ಲಿ ಕನ್ನಡದಲ್ಲೇ ಕೂಗಿ ತೋಳು ಜಗ್ಗಿದರು. ಭಾಷೆ ತಿಳಿಯದಿದ್ದರೂ ಬಿಟ್ಟರು.

ಚಳಿಗಾಲದಲ್ಲಿ ಬೀದಿಯವರೆಲ್ಲ ಸಂಜೆ ಸಾಲಾಗಿ ಹೊರಟು, ಎರಡು ಮರದ ತುಂಡುಗಳನ್ನು ತಾಳದಂತೆ ಬಡಿಯುತ್ತ, ಬೆಂಕಿಯ ಬಗ್ಗೆ ಎಚ್ಚರವಿರಲಿ ಎಂದು ಕೂಗಿಕೊಂಡು ಸುತ್ತುವುದು ಇಲ್ಲಿನ ಪದ್ಧತಿ. ಮರ ಹಿಡಿದ ಅಧ್ಯಕ್ಷರು ಮುಂದಿರಬೇಕು. ಇವರು ಮರ ಹಿಡಿದು ಕಟ್ಟಕಡೆಗೆ ನಡೆಯುತ್ತಿದ್ದರು. ಹಿರಿಯರ ಮುಜುಗರಕ್ಕೆ ಅವರದು ಒಂದೇ ಉತ್ತರ: "ಹೊಡೆತ ಬರೋದು ಹಿಂದಿನಿಂದ."

ಒಂದು ಸಂಜೆ ಅದು ಬಂದೇ ಬಂತು. ಮಗಳು ಕಾಲೆಳೆಯುತ್ತ ಹಿಂದುಳಿದಿದ್ದಳು. ಅವಳ ಹಿಂದೆ ಅವರು. ಅದೇ ಕುಡುಕ ಹಿಂದಿನಿಂದ ಓಡಿಬಂದು ಅವರ ಬೆನ್ನಿಗೆ ಚಾಕು ಹಾಕಿದ. ತಿರುಗಿದವರ ಹೊಟ್ಟೆಗೂ ಹಾಕಿದ. ಇವರು ಕೈಯಲ್ಲಿದ್ದ ಮರದ ತುಂಡಿನಿಂದ ಅವನ ಮಣಿಕಟ್ಟಿಗೆ ಬೀಸಿದರು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಅವನನ್ನು ಕೆಡವಿ, ಪೊಲೀಸರು ಬರುವವರೆಗೆ ಅವನ ಮೇಲೆಯೇ ಕೂತಿದ್ದರು. ಅವರ ರಕ್ತ ಮಗಳ ಬಿಳಿ ಬೂಟಿನವರೆಗೆ ಹರಿಯಿತು. "ಮಗೂನ ಮುಂದೆ ಕಳಿಸಿ," ಎಂದಷ್ಟೇ ಹೇಳಿದರು.

ಆಸ್ಪತ್ರೆಯಲ್ಲಿ ನನ್ನನ್ನು ಹತ್ತಿರ ಕರೆದರು. "ಮೊದಲನೇ ಸಲ ಅವನನ್ನ ಅದ್ದಿದ್ದು ಮಗುವಿಗೋಸ್ಕರ. ಎರಡನೇ ಸಲ ಅದ್ದಿದ್ದು ನನ್ನ ಖುಷಿಗೆ. ಆ ಎರಡನೇದು ವಾಪಸ್ ಬಂತು." ಆ ವಾರವೇ ಹೋಗಿಬಿಟ್ಟರು.

ಅವರ ಮಾತು ನಿಜವೇ ಇರಬಹುದು. ಆದರೆ ಆ ಚಾಕುವಿಗೂ ನನ್ನ ಮಗಳಿಗೂ ನಡುವೆ ಇದ್ದದ್ದು ಅವರ ಮೈಯೊಂದೇ. ನನಗೆ ಅದರಾಚೆಗಿನ ನ್ಯಾಯ ಬೇಕಿಲ್ಲ.

ಈ ಚಳಿಗಾಲ ಅವರ ಹೆಂಡತಿ ಆ ಮರದ ತುಂಡುಗಳನ್ನು ತೊಳೆದು, ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟರು. ಸಾಲು ಹೊರಟಿತು. ಮಗಳು ನಿಂತು, "ಅಮ್ಮಾ, ಹಯಾಕು, ಬೇಗ ಬಾ," ಎಂದು ಕೈ ಚಾಚಿದಳು.

"ನೀನು ಮುಂದೆ ನಡಿ," ಎಂದೆ.