ಆಯುಧಪೂಜೆಯಂದು ನಿಂತ ವ್ಯಾನು

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ಯಶವಂತಪುರದ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ನಮ್ಮ ಅಡುಗೆಮನೆಯಿತ್ತು. ವ್ರತಗಳಿಗೂ ಹೋಮಗಳಿಗೂ ಮಡಿಯಲ್ಲಿ ಅಡುಗೆ ಮಾಡಿ, ಹಳೆಯದೊಂದು ವ್ಯಾನಿನಲ್ಲಿ ಮನೆಮನೆಗೆ ತಲುಪಿಸುವುದು ಅಣ್ಣನ ಮತ್ತು ನನ್ನ ವೃತ್ತಿ.

ಆ ವ್ಯಾನಿಗಾಗಿ ಅತ್ತಿಗೆ ಆರ್.ಟಿ. ನಗರದ ಗ್ಯಾರೇಜಿನ ಸಾಹೇಬರಿಗೆ ತಿಂಗಳು ತಿಂಗಳೂ ಹಣ ಕಳುಹಿಸುತ್ತಿದ್ದರು. ಗಾಡಿ ಎಲ್ಲಿ ನಿಂತರೂ, ಸುದ್ದಿ ಮುಟ್ಟಿದೊಡನೆ ಅವರು ಜೀಪಿನಲ್ಲಿ ಬಂದು ಸರಿಪಡಿಸಬೇಕೆಂಬುದು ಒಪ್ಪಂದ. ಗಾಡಿ ಕೆಡದ ತಿಂಗಳಲ್ಲಿಯೂ ಹಣ ತೆರುವುದು ಅಣ್ಣನಿಗೆ ಸರಿಬರುತ್ತಿರಲಿಲ್ಲ. ಕಾಪಾಡುವವನು ಮೇಲಿರುವಾಗ ಆರ್.ಟಿ. ನಗರದಲ್ಲಿ ಇನ್ನೊಬ್ಬನೇಕೆ ಎನ್ನುತ್ತಿದ್ದ. ಅನ್ನದ ಗಾಡಿ ತಡವಾದರೆ ಹಸಿದವರು ಮೇಲೆ ನೋಡುವುದಿಲ್ಲ, ಬಾಗಿಲು ನೋಡುತ್ತಾರೆ ಎಂಬುದು ಅತ್ತಿಗೆಯ ಉತ್ತರ.

ಅಂದು ಮಹಾನವಮಿ. ಯಲಹಂಕದ ವೃದ್ಧೆಯೊಬ್ಬರು ನವರಾತ್ರಿಯುದ್ದಕ್ಕೂ ಹಾಲು ಹಣ್ಣುಗಳಲ್ಲಿಯೇ ಇದ್ದು, ನವಮಿಯ ಸಂಜೆ ದೇವಿಗೆ ನಮ್ಮ ನೈವೇದ್ಯ ಸಮರ್ಪಿಸಿ ಅನ್ನ ಮುಟ್ಟುತ್ತಿದ್ದರು. ಸೂರ್ಯ ಮುಳುಗುವುದರೊಳಗೆ ಉಣ್ಣದಿದ್ದರೆ ಮರುದಿನದವರೆಗೆ ನೀರನ್ನೂ ಮುಟ್ಟರು. ಆ ವರ್ಷ ಅವರ ದೇಹ ತೀರ ಕುಗ್ಗಿತ್ತು. ಅವರ ಮಗ ಬೆಳಿಗ್ಗೆಯೇ ಬಂದು, "ಹೊತ್ತು ಮೀರಿಸಬೇಡಿ ಸ್ವಾಮಿ, ಈ ಸಲ ಅಮ್ಮ ತಡ್ಕೊಳಲ್ಲ" ಎಂದು ಹೇಳಿ ಹೋಗಿದ್ದರು.

ನಾನೂ ಡ್ರೈವರೂ ಹೆಬ್ಬಾಳದ ಕೆರೆ ದಾಟಿ ಸ್ವಲ್ಪ ದೂರ ಸಾಗುವಷ್ಟರಲ್ಲಿ ಹಿಂದಿನ ಚಕ್ರ ಸಿಡಿಯಿತು. ಬದಲಿ ಚಕ್ರವಿತ್ತು, ಜಾಕೂ ನಟ್ಟು ಬಿಚ್ಚುವ ಪಾನಾಗಳೂ ಇರಲಿಲ್ಲ. ಅಣ್ಣ ಅವನ್ನು ತೊಳೆದು, ಗಂಧ ಕುಂಕುಮವಿಟ್ಟು, ಆಯುಧಪೂಜೆಗೆಂದು ದೇವರ ಮುಂದೆ ಇರಿಸಿದ್ದ. ಪೂಜೆಗಿಟ್ಟುದನ್ನು ದಶಮಿಯ ಮರುಪೂಜೆಯವರೆಗೆ ಕದಲಿಸಬಾರದು. ಗಾಡಿಗೂ ಪೂಜೆಯಾಗಿತ್ತು, ಆದರೆ ಅದು ಕದಲದೆ ನಮ್ಮ ಜೀವನ ಸಾಗದಾದ್ದರಿಂದ ಅದಕ್ಕೊಂದು ವಿನಾಯಿತಿ ನಾವೇ ಕೊಟ್ಟುಕೊಂಡಿದ್ದೆವು.

ಡ್ರೈವರು ದೂರವಾಣಿಯಿದ್ದ ಅಂಗಡಿಯನ್ನು ಹುಡುಕಿ ಹೊರಟ. ಮಡಿಯಲ್ಲಿದ್ದ ನಾನು ಪಾತ್ರೆಗಳ ನಡುವೆ ಕುಳಿತೆ. ಎದುರಿಗೇ ಯಾರದೋ ಒಂದು ಗ್ಯಾರೇಜಿತ್ತು. ಬಾಗಿಲಿಗೆ ಬಾಳೆಕಂದು, ಅಂಗಳದಲ್ಲಿ ಒಡೆದ ಬೂದುಗುಂಬಳ, ಒಳಗೆ ಒಂದು ನರಪಿಳ್ಳೆಯಿಲ್ಲ. ಸಾಹೇಬರ ಕೆಲಸಗಾರರೂ ಪೂಜೆ ಮಾಡುವವರೇ ಎಂಬುದು ಆಗ ನೆನಪಾಯಿತು. ದೇವಿಯ ಸ್ತೋತ್ರ ಹಿಡಿದೆ, ನಡುವೆ ತಪ್ಪಿತು. ಮತ್ತೆ ಮೊದಲಿನಿಂದ ಹಿಡಿದೆ. ಅದೇ ಶ್ಲೋಕದಲ್ಲಿ ಮತ್ತೆ ತಪ್ಪಿತು. ಬಾಲ್ಯದಿಂದ ನಾಲಗೆಯ ಮೇಲಿದ್ದ ಸ್ತೋತ್ರವದು. ಪಾಯಸದ ಪಾತ್ರೆ ಮುಟ್ಟಿ ನೋಡಿದೆ, ಬಿಸಿ ಇಳಿಯುತ್ತಿತ್ತು. ಬಿಸಿಲೂ ಇಳಿಯುತ್ತಿತ್ತು.

ಡ್ರೈವರು ಹಿಂದಿರುಗಿ, ಫೋನಿನಲ್ಲಿ ಸಿಕ್ಕವನು ಸಾಮಾನೆಲ್ಲ ಪೂಜೆಯಲ್ಲಿದೆ ಎಂದನೆಂದೂ, ಗಾಡಿ ನಿಂತ ಜಾಗ ಹೇಳುತ್ತಲೇ ಹಿಂದಿನಿಂದ ಸಾಹೇಬರ ದನಿ ಕೇಳಿಸಿ ಫೋನು ಕಡಿದುಹೋಯಿತೆಂದೂ ತಿಳಿಸಿದ. ಬರುತ್ತಾರೋ ಇಲ್ಲವೋ ತಿಳಿಯದೆ ಕುಳಿತಿರುವಾಗಲೇ ಜೀಪು ಬಂದಿತು.

"ನಿಮ್ಮಲ್ಲೂ ಪೂಜೆಯಂತಲ್ಲ?" ಎಂದೆ.

"ಹುಡುಗರು ಬಿಡ್ತಾರಾ ಸ್ವಾಮಿ? ಎಲ್ಲಾ ಹೂವಿನ ಕೆಳಗೆ ಮಲಗೈತೆ," ಎಂದು ಸಾಹೇಬರು ಜಾಕು ಇಳಿಸಿದರು. "ಈ ಒಂದು ಸೆಟ್ಟು ಮಾತ್ರ ಪೂಜೆಗೆ ಕೊಡಲ್ಲ ನಾನು, ಜೀಪಲ್ಲೇ ಇರ್ತದೆ. ತಿಂಗಳಾ ತಿಂಗಳಾ ಈಸ್ಕೊಂಡು, ಇವತ್ತು ಹಬ್ಬ ಅಂತ ಹೇಳಕ್ಕಾಗ್ತದಾ?"

ನಾನು ಇಳಿಯಬೇಕೇ ಎಂದು ಕೇಳಿದೆ. ರಸ್ತೆಗೆ ಕಾಲಿಟ್ಟರೆ ಮಡಿ ಕೆಡುವುದೆಂಬುದು ಅವರಿಗೆ ಗೊತ್ತಿತ್ತು.

"ಕೂತ್ಕೊಳಿ, ಕೂತ್ಕೊಳಿ. ಪಾಯಸದ ಜೊತೆ ನಿಮ್ಮನ್ನೂ ಎತ್ತೀನಿ. ಅಲ್ಲಾಡಬೇಡಿ, ಅಷ್ಟೇ."

ಯಲಹಂಕ ಸೇರುವಾಗ ಬಿಸಿಲು ಹೆಂಚುಗಳ ಅಂಚಿಗೆ ಸರಿದಿತ್ತು. ನೈವೇದ್ಯವಾಯಿತು. ಎಲೆಯ ಮುಂದೆ ಕುಳಿತ ವೃದ್ಧೆ ತಡವಾದ ಕಾರಣ ಕೇಳಿದರು. ನಾನು ಆತುರಾತುರವಾಗಿ ಹೇಳಿದೆ. ಅವರು ಅನ್ನದ ಮೇಲಿಟ್ಟ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

"ಮೊದಲು ಆ ಸಾಹೇಬರ ಪಾಲು ತೆಗೆದಿಡಿ," ಎಂದರು. "ಆಮೇಲೆ ಉಣ್ತೀನಿ."

ಮಗ ಕಿಟಕಿಯ ಕಡೆ ನೋಡಿದರು. ಸೊಸೆ ಅಡುಗೆಮನೆಗೆ ಓಡಿ ತಂದ ಡಬ್ಬಿಗೆ ಮುಚ್ಚಳ ಕೂಡಲಿಲ್ಲ. ಇನ್ನೊಂದು ತರಲು ಮತ್ತೆ ಓಡಿದರು. ಡಬ್ಬಿಗೆ ಪಾಯಸ ಹಾಕುವ ಗಡಿಬಿಡಿಯಲ್ಲಿ ನಾನು ಸ್ವಲ್ಪ ಹೊರಚೆಲ್ಲಿದೆ. ವೃದ್ಧೆ ಅವಸರಪಡಲಿಲ್ಲ. ಮುಚ್ಚಳ ಬಿಗಿಯಾಗುವುದನ್ನು ನೋಡಿ, ಕಣ್ಮುಚ್ಚಿ ದೇವಿಯನ್ನು ನೆನೆದು, ತುತ್ತು ಬಾಯಿಗಿಟ್ಟರು. ಕಿಟಕಿಯ ಸರಳಿನ ಮೇಲೆ ಬಿಸಿಲು ಇನ್ನೂ ಇತ್ತು.