ಹೆಸರಕ್ಕ ಮತ್ತು ಎರಡು ಬಿಳಿ ಪುಡಿ

ನನ್ನ ಚಿಕ್ಕಮ್ಮ ಪುರಸಭೆಯ ಉಗ್ರಾಣದಲ್ಲಿ ಕೆಲಸ ಮಾಡುತ್ತಾಳೆ. ಅವಳ ಹುದ್ದೆಗೆ ಕಾಗದದ ಮೇಲೆ ಉದ್ದನೆಯ ಹೆಸರೊಂದಿದೆ. ಅದನ್ನು ಪೂರ್ತಿ ಹೇಳುವಷ್ಟರಲ್ಲಿ ಕೇಳಿದವರು ಎದ್ದು ಹೋಗಿರುತ್ತಾರೆ. ಹಾಗಾಗಿ ಎಲ್ಲರೂ ಅವಳನ್ನು ಕರೆಯುವುದು ಹೆಸರಕ್ಕ ಎಂದೇ. ಊರಿಗೆ ಬೇಕಾದ ಪೊರಕೆಯಿಂದ ಹಿಡಿದು ಚರಂಡಿಯ ಮುಚ್ಚಳದವರೆಗೆ, ಪುರಸಭೆ ಕೊಳ್ಳುವ ಪ್ರತಿಯೊಂದು ಸಾಮಾನಿಗೂ ಕಂಪ್ಯೂಟರಿನಲ್ಲಿ ಹೆಸರಿಡುವುದು ಅವಳ ಕೆಲಸ.

ಈ ಕೆಲಸ ಅವಳಿಗೆ ಬಂದದ್ದು ಸೆಕೆಯ ದೆಸೆಯಿಂದ. ಅದನ್ನು ಹೇಳಬೇಕಾದರೆ ಮೊದಲು ಬೀಗಣ್ಣನ ವಿಚಾರ ಹೇಳಬೇಕು.

ಉಗ್ರಾಣವೆಂದರೆ ತಗಡಿನ ಮಾಡಿನ ಒಂದು ಉದ್ದನೆಯ ಕೊಠಡಿ. ಒಳಗೆ ಕಾಲಿಟ್ಟರೆ ರಬ್ಬರು, ಬಣ್ಣ, ಡಾಂಬರಿನ ವಾಸನೆ ಒಟ್ಟಿಗೇ ಮೂಗಿಗೆ ನುಗ್ಗುತ್ತದೆ. ಒಂದು ಗೋಡೆಗೆ ಕೊಳವೆಗಳು, ಇನ್ನೊಂದು ಗೋಡೆಗೆ ಬೀದಿದೀಪದ ಪೆಟ್ಟಿಗೆಗಳು, ನಡುವೆ ಪೊರಕೆ, ಸಲಿಕೆ, ಗಮ್‌ಬೂಟುಗಳ ರಾಶಿ. ಇದಕ್ಕೆಲ್ಲ ಒಡೆಯ ಬೀಗಣ್ಣ. ಸೊಂಟದಲ್ಲಿ ಬೀಗದ ಕೈಗಳ ದೊಡ್ಡ ಗೊಂಚಲು ಜೋತಾಡುತ್ತಿದ್ದುದರಿಂದ ಆ ಹೆಸರು. ಯಾರಿಗೆ ಏನು ಬೇಕಾದರೂ ಕಿಟಕಿಯ ಬಳಿ ಬಂದು ಕೂಗಬೇಕು. ಬೀಗಣ್ಣ ಒಳಗೆ ಹೋಗಿ ತಂದುಕೊಡುತ್ತಿದ್ದರು. ಖಾಲಿಯಾದದ್ದನ್ನು ತರಿಸುವವರೂ ಅವರೇ, ಬಂದದ್ದನ್ನು ಇಳಿಸಿಕೊಳ್ಳುವವರೂ ಅವರೇ. ಅವರಿಗೆ ಜ್ವರ ಬಂದರೆ ಅರ್ಧ ಊರಿನ ಬೀದಿದೀಪ ಉರಿಯುತ್ತಿರಲಿಲ್ಲ. ಯಾಕೆಂದರೆ ಬಲ್ಬುಗಳು ಎಲ್ಲಿವೆ ಎಂದು ಅವರೊಬ್ಬರಿಗೇ ಗೊತ್ತಿತ್ತು. ಚಿಕ್ಕಮ್ಮ ಆಗ ಅದೇ ಕೊಠಡಿಯ ಮೂಲೆಯಲ್ಲಿ ಟೈಪಿಸ್ಟ್ ಆಗಿದ್ದಳು.

ಒಂದು ವರ್ಷ ಪುರಸಭೆಗೆ ಹೊಸ ಸಾಫ್ಟ್‌ವೇರ್ ಬಂತು. ಅದರ ಜತೆಗೆ ಅದನ್ನು ಕಲಿಸುವುದಕ್ಕೆ ಕಂಪನಿಯಿಂದ ಒಬ್ಬ ಹುಡುಗಿ ಬಂದಳು. ಚುರುಕು, ನಗುಮುಖ. ಎಲ್ಲರನ್ನೂ ಸಭಾಂಗಣದಲ್ಲಿ ಕೂರಿಸಿ, ಹಲಗೆಯ ಮೇಲೆ ನಾಲ್ಕು ಚೌಕ ಬರೆದಳು.

"ಬೇಕು ಅಂತ ಕೇಳೋರು ಒಬ್ರು, ಒಪ್ಪಿಗೆ ಕೊಡೋರು ಒಬ್ರು, ಕೊಂಡ್ಕೊಳ್ಳೋರು ಒಬ್ರು, ಇಳಿಸ್ಕೊಳ್ಳೋರು ಒಬ್ರು. ಒಬ್ರ ಕೆಲಸ ಇನ್ನೊಬ್ರು ಮಾಡೋ ಹಾಗಿಲ್ಲ. ಆಗ ಯಾರ ಮೇಲೂ ಮಾತು ಬರಲ್ಲ."

ಚಿಕ್ಕಮ್ಮ ಪಕ್ಕದವಳ ಕಿವಿಯಲ್ಲಿ, "ಒಬ್ಳೇ ಮಾಡಿದ್ರೆ ಅಡುಗೆ, ನಾಲ್ಕು ಜನ ಮಾಡಿದ್ರೆ ಕಚೇರಿ" ಅಂದಳಂತೆ.

ಬೀಗಣ್ಣ ಎದ್ದು ನಿಂತು, "ಮತ್ತೆ ನಾನಮ್ಮ?" ಎಂದು ಕೇಳಿದರು.

"ನೀವು ಇಳಿಸ್ಕೊಳ್ಳೋರು ಸಾರ್. ಬಂದದ್ದನ್ನ ಎಣಿಸಿ ಒಂದು ಗುಂಡಿ ಒತ್ತೋದು, ಕೊಟ್ಟಾಗ ಇನ್ನೊಂದು ಗುಂಡಿ ಒತ್ತೋದು."

"ಅಷ್ಟೇನಾ?"

"ಅಷ್ಟೇ ಸಾರ್! ನಿಮಗೆ ಎಷ್ಟು ಹಗುರ ಆಯ್ತು ನೋಡಿ."

ಹುಡುಗಿ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಳು. ಬೀಗಣ್ಣ ಸೊಂಟದ ಗೊಂಚಲನ್ನು ಒಮ್ಮೆ ಸರಿಪಡಿಸಿಕೊಂಡು ಕುಳಿತರು.

ಕೊನೆಗೆ ಒಂದು ಕೆಲಸ ಉಳಿಯಿತು. ಎಲ್ಲ ಸಾಮಾನುಗಳಿಗೂ ಒಂದೊಂದು ಹೆಸರು ಕೊಟ್ಟು ಪಟ್ಟಿಗೆ ಸೇರಿಸಬೇಕು. "ಇದನ್ನ ಯಾರು ಮಾಡ್ತೀರಿ?" ಎಂದು ಕೇಳಿದ್ದೇ ತಡ, ಎಲ್ಲರಿಗೂ ತಮ್ಮ ತಮ್ಮ ಚಪ್ಪಲಿಯಲ್ಲಿ ಏನೋ ವಿಶೇಷ ಕಾಣಿಸಿತು. ಚಿಕ್ಕಮ್ಮ ಒಬ್ಬಳು ಕೈ ಎತ್ತಿದಳು. ಎಲ್ಲರೂ ಚಪ್ಪಾಳೆ ತಟ್ಟಿಬಿಟ್ಟರು.

"ಫ್ಯಾನ್ ಹಾಕಿ ಅಂತ ಹೇಳೋಕೆ ಕೈ ಎತ್ತಿದ್ದು ಕಣೇ ನಾನು" ಎಂದು ಈಗಲೂ ನನಗೆ ಹೇಳಿ ನಗುತ್ತಾಳೆ. "ಚಪ್ಪಾಳೆ ಬಿದ್ಮೇಲೆ ಇಲ್ಲ ಅನ್ನೋದು ಹೇಗೆ?"

ಬಲವಂತದ ಮಾಘಸ್ನಾನದಂತೆ ತಲೆಗೆ ಬಂದ ಕೆಲಸವಾದರೂ ನಾಲ್ಕು ದಿನದಲ್ಲೇ ಅದರ ರುಚಿ ಹತ್ತಿತು. ಅವಳಿಗೆ ಮೊದಲಿನಿಂದಲೂ ಮಾತೆಂದರೆ ಪ್ರಾಣ. ಈಗ ವಿಭಾಗದಿಂದ ವಿಭಾಗಕ್ಕೆ ಅಲೆದು ಮಾತಾಡುವುದೇ ನೌಕರಿ! ತೋಟದವರ ಬಳಿ ಹೋದರೆ, "ನಮಗೆ ಹಾವು ಸಾಲ್ತಾ ಇಲ್ಲಕ್ಕ, ಇರೋ ಹಾವೆಲ್ಲ ತೂತು" ಅಂದರು. ಬೆಚ್ಚಿ ಕಾಲು ಮೇಲೆತ್ತಿಕೊಂಡಳು. ಅವರು ಹೇಳಿದ್ದು ಗಿಡಕ್ಕೆ ನೀರು ಬಿಡುವ ರಬ್ಬರ್ ಪೈಪಿಗೆ. ನೀರು ವಿಭಾಗದಲ್ಲಿ ಬಾಗಿದ ಕೊಳವೆಗೆ ಒಬ್ಬ ಎಲ್ಬೋ ಅಂದರೆ ಇನ್ನೊಬ್ಬ ಮೊಣಕೈ ಅನ್ನುತ್ತಿದ್ದ. "ಎರಡು ಮೊಣಕೈ ಮುರಿದಿವೆ, ತುರ್ತು" ಎಂದು ಹಿಂದೊಮ್ಮೆ ಚೀಟಿ ಬಂದಾಗ ಹೊಸಬನೊಬ್ಬ ಅದನ್ನು ಆಸ್ಪತ್ರೆಗೆ ಕಳಿಸಿದ್ದನಂತೆ.

ನೀರಿನ ಮೇಸ್ತ್ರಿಗೂ ತೋಟದ ಮುಖ್ಯಸ್ಥನಿಗೂ ಪೈಪಿನ ಹೆಸರಿಗಾಗಿ ಮಾತಿಗೆ ಮಾತು ಬೆಳೆಯಿತು. ಕಂಪನಿ ಹುಡುಗಿಯೇ ದಾರಿ ಕಂಡುಹಿಡಿದಳು. "ಅಕ್ಕ, ಮನೆಯಲ್ಲಿ ನನ್ನನ್ನ ಪುಟ್ಟಿ ಅಂತಾರೆ, ಕಂಪನೀಲಿ ಬೇರೆ ಹೆಸರು. ಆದ್ರೆ ಸಂಬಳ ತಗೊಳ್ಳೋದು ನಾನೊಬ್ಳೇ ತಾನೆ? ಇದಕ್ಕೂ ಹಾಗೇ ಮಾಡೋಣ" ಎಂದು, ಅಧಿಕೃತ ಹೆಸರಿನ ಪಕ್ಕದಲ್ಲೇ 'ಕರೆಯುವ ಹೆಸರು' ಎಂದು ಒಂದು ಕಾಲಂ ಸೇರಿಸಿದಳು. ಅಂದಿನಿಂದ ಕಂಪ್ಯೂಟರಿನಲ್ಲಿ ಹಾವು ಎಂದು ಹುಡುಕಿದರೂ ಪೈಪು ಸಿಗತೊಡಗಿತು. ಚಿಕ್ಕಮ್ಮ ಹೆಸರಕ್ಕ ಆದದ್ದೂ ಆಗಲೇ.

ಆಮೇಲೆ ಬಂದದ್ದು ಒಂದೇ ಸಾಮಾನು ಎರಡು ಕಡೆ ಸೇರಿಕೊಂಡಿದ್ದರೆ ಒಂದನ್ನು ಅಳಿಸುವ ಕೆಲಸ. ಅದರಲ್ಲಿ ಅವಳಿಗೆ ಹುರುಪೋ ಹುರುಪು. ಸಂಜೆ ಮನೆಗೆ ಬಂದು, ಇಂದು ಇಷ್ಟು ಅಳಿಸಿದೆ, ಅಷ್ಟು ಅಳಿಸಿದೆ ಎಂದು ಕೊಚ್ಚಿಕೊಳ್ಳುತ್ತಿದ್ದಳು. ದರ್ಜಿಯಾದ ಚಿಕ್ಕಪ್ಪ ಕತ್ತರಿ ಕೆಳಗಿಟ್ಟು, "ಪುಣ್ಯಾತ್ಗಿತ್ತಿ, ಕತ್ತರಿಸೋದು ಸುಲಭ. ಕತ್ತರಿಸೋಕೆ ಮುಂಚೆ ಬಟ್ಟೆ ಬಿಚ್ಚಿ ನೋಡ್ಬೇಕು" ಅಂದಿದ್ದ. ಉತ್ಸಾಹದಲ್ಲಿದ್ದವಳ ಕಿವಿಗೆ ಅದು ಹೋಗಲಿಲ್ಲ.

ಪಟ್ಟಿಯಲ್ಲಿ 'ಬಿಳಿ ಪುಡಿ' ಎರಡು ಸಲ ಇತ್ತು. ಒಂದನ್ನು ಬರೆಸಿದವರು ನೀರು ಶುದ್ಧೀಕರಣದವರು, ಇನ್ನೊಂದನ್ನು ಬರೆಸಿದವರು ಆಟದ ಮೈದಾನದವರು. ಎರಡೂ ಮೂಟೆಯ ಲೆಕ್ಕದ ಸಾಮಾನು. ಚಿಕ್ಕಮ್ಮ ಹಿಂದುಮುಂದು ನೋಡದೆ ಮೈದಾನದವರದನ್ನು ಅಳಿಸಿದಳು. ನೀರಿನವರ ಬಿಳಿ ಪುಡಿ ಬ್ಲೀಚಿಂಗ್ ಪೌಡರ್. ಮೈದಾನದವರದು ಓಟದ ಗೆರೆ ಎಳೆಯುವ ಸೀಮೆಸುಣ್ಣದ ಪುಡಿ.

ಮುಂದೆ ಎಲ್ಲ ಕ್ರಮಬದ್ಧವಾಗಿಯೇ ನಡೆಯಿತು. ಮೈದಾನದವರು ಬೇಕೆಂದರು. ಮುಖ್ಯಾಧಿಕಾರಿ ಒಪ್ಪಿಗೆ ಕೊಟ್ಟರು. ಖರೀದಿಯವರು ನೀರಿನವರ ಜತೆಗೇ ಸೇರಿಸಿ ತರಿಸಿದರು. ಬೀಗಣ್ಣ ಇಳಿಸಿಕೊಂಡು, ಗುಂಡಿ ಒತ್ತಿ, ಮೂಟೆ ಕೊಟ್ಟುಕಳಿಸಿದರು. ಮೈದಾನದ ಕಾವಲುಗಾರನಿಗೆ ವಾರದಿಂದ ನೆಗಡಿ. ಅವನಿಗೆ ಮಲ್ಲಿಗೆಯೂ ಒಂದೇ, ಬ್ಲೀಚಿಂಗೂ ಒಂದೇ. ಪುರಸಭೆ ನೌಕರರ ಆಟೋಟಕ್ಕೆಂದು ಸಂಜೆಯೇ ಅಚ್ಚುಕಟ್ಟಾಗಿ ಗೆರೆ ಎಳೆದು ಹೋದ.

ಬೆಳಿಗ್ಗೆ ಇಬ್ಬನಿಯಲ್ಲಿ ಹುಲ್ಲೆಲ್ಲ ನೆಂದಿತ್ತು. ಮುಖ್ಯಾಧಿಕಾರಿಗಳು ಹೊಸ ಕಡುನೀಲಿ ಪ್ಯಾಂಟು ತೊಟ್ಟು, ಓಟಕ್ಕೆ ಚಾಲನೆ ಕೊಡಲು ಗೆರೆಯ ಮೇಲೆಯೇ ಠೀವಿಯಿಂದ ನಿಂತರು. ಭಾಷಣ ಸ್ವಲ್ಪ ಉದ್ದವಾಯಿತು. ಸಾಲಿನಲ್ಲಿ ನಿಂತವರು ಒಬ್ಬರಾದ ಮೇಲೊಬ್ಬರು ಸೀನತೊಡಗಿದರು. ಅಷ್ಟರಲ್ಲಿ ನೀರು ಶುದ್ಧೀಕರಣದ ನೌಕರನೊಬ್ಬ ಗಾಳಿ ಮೂಸಿ, "ಯಾರಪ್ಪಾ ಇಲ್ಲಿ ನಮ್ಮ ಪುಡಿ ಚೆಲ್ಲಿರೋದು!" ಎಂದು ಕೂಗಿದ. ಎಲ್ಲರನ್ನೂ ದೂರ ಸರಿಸಿದರು. ಯಾರಿಗೂ ಏನೂ ಆಗಲಿಲ್ಲ, ಪುಣ್ಯ. ಆದರೆ ಮುಖ್ಯಾಧಿಕಾರಿಗಳ ಪ್ಯಾಂಟಿನ ಅಂಚು ಮಧ್ಯಾಹ್ನದ ಹೊತ್ತಿಗೆ ಬೆಕ್ಕಿನ ಪಾದದಂತೆ ಬೆಳ್ಳಗಾಗಿತ್ತು.

ಚಿಕ್ಕಮ್ಮ ಉಗ್ರಾಣಕ್ಕೆ ಓಡಿಬಂದು ಕಂಪ್ಯೂಟರಿನಲ್ಲಿ ನೋಡಿದಳು. ತಾನು ಅಳಿಸಿದ್ದು ಕಣ್ಣಿಗೆ ರಾಚಿತು. ಒಂದು ವೇಳೆ ಅದಲುಬದಲಾಗಿ ಕುಡಿಯುವ ನೀರಿಗೆ ಸೀಮೆಸುಣ್ಣ ಹೋಗಿದ್ದರೆ? ಕುರ್ಚಿಯಲ್ಲಿ ಕುಳಿತಳು. ಎದುರಿಗೆ ಬೀಗಣ್ಣ ಬುತ್ತಿ ಬಿಚ್ಚಿಕೊಂಡು ಕುಳಿತಿದ್ದರು. ಇದ್ದಕ್ಕಿದ್ದಂತೆ ಅವಳಿಗೊಂದು ಅನುಮಾನ ಬಂತು.

"ಬೀಗಣ್ಣ, ಆ ಮೂಟೆ ಕೊಡೋವಾಗ ನಿಮಗೆ ವಾಸನೆ ಬರ್ಲಿಲ್ವಾ?"

"ಬಂತು."

"ಬ್ಲೀಚಿಂಗ್ ಅಂತ ಗೊತ್ತಾಯ್ತಾ?"

"ಮೂಗು ಇದೆಯಲ್ಲಮ್ಮ, ಗೊತ್ತಾಗದೆ ಏನು."

"ಅಯ್ಯೋ! ಮತ್ತೆ ಯಾಕೆ ಕೊಟ್ರಿ?"

ಬೀಗಣ್ಣ ತುತ್ತು ಕೆಳಗಿಟ್ಟರು. "ನನಗೆ ಕೊಟ್ಟಿರೋದು ಎರಡೇ ಗುಂಡಿ. ಬಂತು, ಹೋಯ್ತು. ಇದು ಸರಿಯಿಲ್ಲ ಅನ್ನೋದಕ್ಕೆ ಗುಂಡಿ ಎಲ್ಲಿದೆ?"

"ಗುಂಡಿ ಇಲ್ದಿದ್ರೆ ಏನು, ಬಾಯಿ ಇರ್ಲಿಲ್ವಾ?"

"ಇತ್ತು. ಕೇಳೋರು ಇದಾರೆ ಅಂತ ಅನ್ನಿಸ್ಲಿಲ್ಲ." ಬುತ್ತಿಯ ಮುಚ್ಚಳ ಮುಚ್ಚುತ್ತ ಹೇಳಿದರು, "ಹೆಸರು ಕೇಳ್ಕೊಂಡು ಊರೆಲ್ಲ ಸುತ್ತಿದೆ ನೀನು. ತೋಟಕ್ಕೆ ಹೋದೆ, ಪಂಪ್‌ಹೌಸಿಗೆ ಹೋದೆ. ನಿನ್ನ ಎದುರುಗಡೆ ಕೂತಿದ್ದೆ ನಾನು."

ಚಿಕ್ಕಮ್ಮನಿಗೆ ಕೋಪ ಬರಬೇಕಿತ್ತು. ಈ ಮನುಷ್ಯನ ಮುನಿಸು ಅಷ್ಟು ಜನರನ್ನು ಸೀನಿಸಿತ್ತಲ್ಲ! ಆದರೆ ಬಂದದ್ದು ನಾಚಿಕೆ. ಊರೆಲ್ಲ ಸುತ್ತಿದವಳು ಎದುರು ಮೇಜಿನವರನ್ನು ಒಂದು ಮಾತೂ ಕೇಳಿರಲಿಲ್ಲ, ನಿಜ. ಅಂದು ಬೀಗಣ್ಣ ಊಟ ಅರ್ಧಕ್ಕೇ ಬಿಟ್ಟರು, ಚಿಕ್ಕಮ್ಮ ತನ್ನ ಬುತ್ತಿ ಬಿಚ್ಚಲೇ ಇಲ್ಲ.

ಮರುದಿನ ಮುಖ್ಯಾಧಿಕಾರಿಗಳು ಎಲ್ಲರನ್ನೂ ಕರೆಸಿದರು. ಯಾರದು ತಪ್ಪು ಎಂದು ಕೇಳಿದರೆ, ಎಲ್ಲರೂ ತಮ್ಮ ತಮ್ಮ ಚೌಕವನ್ನು ತೋರಿಸಿದರು. ಕೇಳಿದವರು ಸರಿಯಾಗಿ ಕೇಳಿದ್ದರು, ಕೊಂಡವರು ಸರಿಯಾಗಿ ಕೊಂಡಿದ್ದರು. ಚಿಕ್ಕಮ್ಮ ಎದ್ದು ನಿಂತಳು. "ತಪ್ಪು ನಂದು ಸಾರ್. ಎರಡೂ ಒಂದೇ ಅಂದ್ಕೊಂಡು ಅಳಿಸ್ಬಿಟ್ಟೆ. ಹೋಗಿ ನೋಡ್ಲಿಲ್ಲ. ಈ ಕೆಲಸ ನನ್ನಿಂದ ತೆಗೆದು ಬೇರೆಯವರಿಗೆ ಕೊಡಿ." ಬೀಗಣ್ಣನ ಮಾತನ್ನು ಅವಳು ಎತ್ತಲೇ ಇಲ್ಲ.

ಹಿಂದಿನ ಸಾಲಿನಲ್ಲಿ ಬೀಗದ ಕೈಗಳು ಝಣ್ಣೆಂದವು. ಬೀಗಣ್ಣ ಎದ್ದಿದ್ದರು. "ಆ ಹೆಣ್ಣುಮಗಳು ಅರ್ಧ ತಪ್ಪು ಹೇಳಿದ್ಲು ಸಾರ್. ಮಿಕ್ಕ ಅರ್ಧ ನಂದು. ನನಗೆ ಗೊತ್ತಿತ್ತು. ಗೊತ್ತಿದ್ದೂ ಕೊಟ್ಟೆ. ಹಟಕ್ಕೆ ಬಿದ್ದೆ."

ಮುಖ್ಯಾಧಿಕಾರಿಗಳು ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟರು. ಆಮೇಲೆ, "ಒಪ್ಪಿಗೆ ಒತ್ತಿದವನು ನಾನೇ. ನಾನೂ ನೋಡ್ಲಿಲ್ಲ" ಅಂದರು. "ಹುಲ್ಲು ಹೋಯ್ತು, ನನ್ನ ಪ್ಯಾಂಟೂ ಹೋಯ್ತು. ಇನ್ನು ಏನೂ ಹೋಗದ ಹಾಗೆ ಏನು ಮಾಡ್ತೀರಿ, ಅದನ್ನ ಹೇಳಿ. ಕೆಲಸ ಬಿಟ್ಟು ಹೋಗೋ ಮಾತು ಬೇಡ."

ಕಂಪನಿ ಹುಡುಗಿ ತಡಮಾಡಲಿಲ್ಲ. "ಮೂರನೇ ಗುಂಡಿ ಕೊಡೋಣ ಸಾರ್" ಅಂದಳು. ವಾರದೊಳಗೆ ಬೀಗಣ್ಣನ ಪರದೆಯ ಮೇಲೆ 'ತಡೆ' ಎಂಬ ಕೆಂಪು ಗುಂಡಿ ಬಂದು ಕುಳಿತಿತು. ಅದನ್ನೊತ್ತಿ ಕಾರಣ ಬರೆದರೆ, ಕೇಳಿದವರು, ಕೊಂಡವರು, ಹೆಸರಕ್ಕ, ಎಲ್ಲರೂ ಉತ್ತರ ಕೊಡುವವರೆಗೆ ಸಾಮಾನು ಅಲ್ಲಾಡುವಂತಿಲ್ಲ.

ಮೊದಮೊದಲು ಬೀಗಣ್ಣನದು ಬಡವನಿಗೆ ಐಶ್ವರ್ಯ ಬಂದ ಹಾಗೆ. ಕಂಡದ್ದಕ್ಕೆಲ್ಲ ತಡೆ. ಪೊರಕೆಯ ಹಿಡಿ ಸೊಟ್ಟ: ತಡೆ. ಬಣ್ಣದ ಡಬ್ಬಿ ನೆಗ್ಗಿದೆ: ತಡೆ. ಗೇಟಿನಾಚೆ ಲಾರಿಗಳು ಸಾಲುಗಟ್ಟಿದವು. ಒಬ್ಬ ಚಾಲಕ, "ಯಜಮಾನ್ರೇ, ನನ್ನ ಮುಖವೂ ಸ್ವಲ್ಪ ಸೊಟ್ಟ ಇದೆ, ನನ್ನನ್ನ ಬಿಡ್ತೀರೋ ತಡೀತೀರೋ?" ಎಂದು ಕೇಳಿದ. ಬೀಗಣ್ಣ ಬಹಳ ದಿನಗಳ ಮೇಲೆ ಗಹಗಹಿಸಿ ನಕ್ಕರು. ಅದಾದ ಮೇಲೆ ಗುಂಡಿ ತಾನಾಗಿ ಹದಕ್ಕೆ ಬಂತು.

ಚಿಕ್ಕಮ್ಮ ತನ್ನ ಕುರ್ಚಿಯನ್ನು ಅವರ ಪಕ್ಕಕ್ಕೆ ಎಳೆದುಕೊಂಡಳು. ಪಟ್ಟಿಯನ್ನು ಮೊದಲಿನಿಂದ ಹಿಡಿದು, ಇಬ್ಬರೂ ಒಂದೊಂದೇ ಸಾಮಾನನ್ನು ಕೈಯಲ್ಲಿ ಹಿಡಿದು ನೋಡಿದರು. "ಇವೆರಡು ಕಣ್ಣಿಗೆ ಒಂದೇ, ಕೈಗೆ ಬೇರೆ. ಉಜ್ಜಿ ನೋಡು" ಎಂದು ಅವರು ಹೇಳಿದರೆ, "ಹಾಗಾದ್ರೆ ಒರಟು, ನಯ ಅಂತ ಬರೀಲಾ?" ಎಂದು ಇವಳು. ಕೆಲವೊಮ್ಮೆ ಬೀಗಣ್ಣನೂ ತಪ್ಪುತ್ತಿದ್ದರು. ಆಗ ಮೇಸ್ತ್ರಿಯನ್ನು ಕರೆಸಿ ಕೇಳುತ್ತಿದ್ದರು. ಖರೀದಿ ವಿಭಾಗದವರೂ ಇಣುಕಿ, ತಾವು ವರ್ಷಗಟ್ಟಲೆ ತರಿಸುತ್ತಿದ್ದ ವಾಲ್ವ್ ಹೇಗಿರುತ್ತದೆಂದು ಮೊದಲ ಸಲ ಕಂಡರು. ಮುಖ್ಯಾಧಿಕಾರಿಗಳ ಪ್ಯಾಂಟನ್ನು ಚಿಕ್ಕಪ್ಪ ಅಂಚು ಮಡಚಿ ಹೊಲಿದುಕೊಟ್ಟ. ಸ್ವಲ್ಪ ಗಿಡ್ಡವಾಯಿತು, ಅವರು ಅದನ್ನು ತೋಟದ ಕೆಲಸಕ್ಕೆ ಹಾಕಿಕೊಳ್ಳುತ್ತಾರಂತೆ.

ಕಂಪನಿ ಹುಡುಗಿ ಬೇರೆ ಊರಿಗೆ ಹೋದಳು. ಹೋಗುವಾಗ ಚಿಕ್ಕಮ್ಮನನ್ನು ತಬ್ಬಿಕೊಂಡು ಅತ್ತಳು. ಬೀಗಣ್ಣನೂ ಕೆಲ ಕಾಲದ ಮೇಲೆ ನಿವೃತ್ತರಾಗಿ, ಗೊಂಚಲನ್ನು ಹೊಸಬಳೊಬ್ಬಳ ಕೈಗಿಟ್ಟು, "ಅನುಮಾನ ಬಂದ್ರೆ ಒತ್ತು ಮಗಳೇ, ಸುಮ್ಮನೆ ಮಾತ್ರ ಇರಬೇಡ" ಎಂದು ಹೇಳಿ ಹೊರಟರು. ಚಿಕ್ಕಮ್ಮನಿಗೆ ಈಗ ಕೂದಲು ಅರೆಬರೆ ನರೆತಿದೆ. ಮೇಲಿನ ಹುದ್ದೆಗೆ ಕರೆದಾಗ, "ಅಲ್ಲಿ ಮಾತಾಡೋಕೆ ಯಾರಿದಾರೆ?" ಎಂದು ಬೇಡವೆಂದಳು.

ಬೀಗಣ್ಣ ವಾರಕ್ಕೊಮ್ಮೆ ಆ ಕಡೆ ಬರುತ್ತಾರೆ. ಉಗ್ರಾಣದ ಒಳಗೆ ಕಾಲಿಡುವುದಿಲ್ಲ. ಹೊರಗಿನ ಕಟ್ಟೆಯ ಮೇಲೆ ಕೂರುತ್ತಾರೆ. ಚಿಕ್ಕಮ್ಮ ಎರಡು ಲೋಟ ಚಹಾ ಹಿಡಿದು ಹೋಗುತ್ತಾಳೆ. ಮೊನ್ನೆ ನಾನೂ ಅಲ್ಲಿದ್ದೆ. ಮೊಮ್ಮಗಳನ್ನು ಈಜು ಕಲಿಸಲು ಪುರಸಭೆಯ ಕೊಳಕ್ಕೆ ಕರೆದೊಯ್ಯುತ್ತಿದ್ದ ಬೀಗಣ್ಣ, ದಡದಲ್ಲಿ ಕೂತು ಬೇಸರವಾಗಿ ತಾವೂ ಇಳಿದುಬಿಟ್ಟಿದ್ದಾರೆ.

"ಈ ವಯಸ್ಸಲ್ಲಿ ಈಜ್ತೀರಾ ಬೀಗಣ್ಣ?" ಎಂದು ಚಿಕ್ಕಮ್ಮ ಕೇಳಿದಳು.

"ಈಜೋದು ಎಲ್ಲಿ ಬಂತಮ್ಮ, ಅಂಗಾತ ತೇಲೋದೊಂದು ಕಲ್ತಿದೀನಿ. ಅದರ ಸುಖ ಗೊತ್ತಾದ್ಮೇಲೆ ಮನೆ ಹಾಸಿಗೆ ಕಲ್ಲಿನ ಹಾಗೆ ಅನ್ಸುತ್ತೆ."

ಚಿಕ್ಕಮ್ಮ ನಕ್ಕ ರಭಸಕ್ಕೆ ಅವಳ ಸೀರೆಯ ಮೇಲೆ ಚಹಾ ಚೆಲ್ಲಿತು. ಅಷ್ಟರಲ್ಲಿ ಗೇಟಿನ ಬಳಿ ಲಾರಿಯ ಹಾರ್ನ್ ಕೇಳಿಸಿತು. ಸೆರಗು ಝಾಡಿಸಿಕೊಳ್ಳುತ್ತ ಎದ್ದು, "ಬರೋ ವಾರ ಮೊಮ್ಮಗಳನ್ನೂ ಕರ್ಕೊಂಡು ಬನ್ನಿ" ಎಂದು ಹೇಳಿ ಒಳಗೆ ನಡೆದಳು.